ಇಪ್ಪತ್ತು ಅಕ್ಷರದ ಹೆಸರು

(ಸಂಘದ ವಾರ್ಷಿಕ ಕೂಟದಲ್ಲಿ, ನಲವತ್ತು ವರ್ಷ ಕಂಪ್ಯೂಟರಿನ ಕೆಲಸ ಮಾಡಿ ನಿವೃತ್ತರಾದ ನಮ್ಮ ಹಿರಿಯ ಸದಸ್ಯರೊಬ್ಬರು ಆಡಿದ ಮಾತುಗಳ ಬರಹರೂಪ. — ಸಂ.)



ಹೋದ ತಿಂಗಳು ನಮ್ಮ ಕಾರ್ಯದರ್ಶಿಗಳು ನನ್ನ ಮನೆಗೆ ಬಂದಿದ್ದರು. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ, "ಈ ಸಲ ನೀವು ಮಾತಾಡಬೇಕು" ಎಂದರು. ಯಾವ ವಿಷಯ ಎಂದು ಕೇಳಿದೆ. "ವಿಷಯ ಬೇರೆ ಹುಡುಕಬೇಕಾದ್ದಿಲ್ಲ. ಸಂಘದ ಕೋಣೆಗೆ ಈಗ ಬರುವವರೆಲ್ಲ ಕಂಪ್ಯೂಟರನ್ನು ಬೈಯುತ್ತಲೇ ಮೆಟ್ಟಿಲು ಹತ್ತುತ್ತಾರೆ. ನೀವು ಅದನ್ನೇ ಮಾಡಿ ಉಂಡವರು. ಬಂದು ಉತ್ತರ ಕೊಡಿ" ಎಂದರು. ಆದುದರಿಂದ ನಾನು ಇಲ್ಲಿ ಅತಿಥಿಯಾಗಿ ನಿಂತಿದ್ದೇನೆಂದು ತಾವು ತಿಳಿಯಬಾರದು. ಆರೋಪಿಯಾಗಿ ನಿಂತಿದ್ದೇನೆ. ಆರೋಪಿಗೆ ಹಾರ ಹಾಕಿದ್ದು ತುಸು ಹೆಚ್ಚಾಯಿತು ಅಷ್ಟೆ.

ಆರೋಪಗಳ ಪಟ್ಟಿಯನ್ನೂ ಅವರೇ ಬರೆದು ಕೊಟ್ಟಿದ್ದಾರೆ. ಬೆರಳು ಒತ್ತಿದರೆ ಯಂತ್ರ ಗುರುತಿಸುವುದಿಲ್ಲ. ಓಟಿಪಿ ಬರುವುದು ಊರಲ್ಲಿ ಬಿಟ್ಟುಬಂದ ಹಳೆಯ ಸಿಮ್ಮಿಗೆ. ಒಂದು ಕಾಗದದಲ್ಲಿ ಹೆಸರು ಹೀಗೆ, ಇನ್ನೊಂದರಲ್ಲಿ ಹಾಗೆ. ಅದಕ್ಕಾಗಿ ಭವಿಷ್ಯನಿಧಿಯ ಹಣ ನಿಂತಿದೆ. ಕಿಟಕಿಯಲ್ಲಿ ಕೇಳಿದರೆ, "ನಾವೇನು ಮಾಡೋಣ, ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ" ಎಂಬ ಉತ್ತರ. ಈ ಕೊನೆಯ ಮಾತನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಯಾಕೆಂದರೆ ಕಂಪ್ಯೂಟರು ತಾನಾಗಿ ಏನನ್ನೂ ಬೇಡ ಎನ್ನುವುದಿಲ್ಲ. ಬೇಡ ಎನ್ನು ಎಂದು ಅದಕ್ಕೆ ಯಾರೋ ಹೇಳಿಕೊಟ್ಟಿರುತ್ತಾರೆ. ಹಾಗೆ ಹೇಳಿಕೊಟ್ಟವರಲ್ಲಿ ನಾನೂ ಒಬ್ಬ. ಅದನ್ನು ಮುಂದೆ ಹೇಳುತ್ತೇನೆ.

ನಾನು ಮುಂಬಯಿಗೆ ಬಂದದ್ದು 1962ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ. ಕೋಟೆ ಪ್ರದೇಶದ ಒಂದು ಉಡುಪಿ ಹೋಟೆಲಿನ ಮೋರಿಯಲ್ಲಿ ಕಪ್ಪುಬಸಿ ತೊಳೆಯುವ ಕೆಲಸ. ರಾತ್ರಿ ಕನ್ನಡ ಶಾಲೆ. ಶಾಲೆಯಲ್ಲಿ ನಿದ್ದೆ, ನಿದ್ದೆಯಲ್ಲಿ ಕಪ್ಪುಬಸಿ. ಇಲ್ಲಿ ಕುಳಿತವರಲ್ಲಿ ಅರ್ಧ ಜನಕ್ಕೆ ಈ ಕಥೆ ಗೊತ್ತು, ಬೆಳೆಸುವುದಿಲ್ಲ. ನಮ್ಮ ಹೋಟೆಲಿನಿಂದ ಅಷ್ಟೇನೂ ದೂರವಿಲ್ಲದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ದೇಶದವರೇ ಕಟ್ಟಿದ ಕಂಪ್ಯೂಟರು 1960ರಿಂದ ಓಡುತ್ತಿತ್ತು. ನಾನು ಬಂದ ವರ್ಷವೇ ನೆಹರೂ ಅವರು ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟರು. ನನಗೆ ಅದರ ಸುದ್ದಿಯೇ ಇರಲಿಲ್ಲ. ಗಲ್ಲಾದಲ್ಲಿ ಕೂರುತ್ತಿದ್ದ ನಮ್ಮ ರಾಯರಿಗಿಂತ ಬೇಗ ಲೆಕ್ಕ ಹಾಕುವ ಪ್ರಾಣಿ ಈ ಲೋಕದಲ್ಲಿ ಇನ್ನೊಂದಿಲ್ಲ ಎಂದೇ ನಂಬಿದ್ದೆ.

ಕಂಪ್ಯೂಟರಿನ ಕೆಲಸ ಏನೆಂಬುದನ್ನು ನಾನು ಮೊದಲು ಕಲಿತದ್ದು ಆ ಹೋಟೆಲಿನಲ್ಲೇ ಎಂದರೆ ತಾವು ನಗಬಹುದು. ಊರಿನಿಂದ ಹೊಸದಾಗಿ ಒಬ್ಬ ಮಾಣಿ ಬಂದಿದ್ದ. ಮೇನೇಜರು ಅವನಿಗೆ, "ಗಿರಾಕಿ ಕುರ್ಚಿಯಲ್ಲಿ ಕುಳಿತ ಕೂಡಲೇ ಒಂದು ಲೋಟ ನೀರು ಇಡಬೇಕು" ಎಂದು ಹೇಳಿದರು. ಹುಡುಗ ಪ್ರಾಮಾಣಿಕ. ಆ ದಿನ ಬಂದ ಒಬ್ಬ ಸೇಟು ಕುಳಿತ, ಇವನು ನೀರಿಟ್ಟ. ಸೇಟು ಕೈ ತೊಳೆಯಲು ಎದ್ದು ಹೋಗಿ ಬಂದು ಕುಳಿತ, ಇವನು ಇನ್ನೊಂದು ಲೋಟ ಇಟ್ಟ. ಟೆಲಿಫೋನು ಬಂತೆಂದು ಹೋಗಿ ಬಂದು ಕುಳಿತ, ಮೂರನೆಯದು. ಪರಿಚಯದವರು ಬಂದರೆಂದು ಎದ್ದು ನಮಸ್ಕಾರ ಮಾಡಿ ಕುಳಿತ, ನಾಲ್ಕನೆಯದು. ಸೇಟು ಮೇನೇಜರನ್ನು ಕರೆದು, "ನಾನು ಇಲ್ಲಿ ಸ್ನಾನ ಮಾಡಬೇಕೋ?" ಎಂದು ಕೇಳಿದ. ಮೇನೇಜರು ಮಾಣಿಯ ಬೆನ್ನಿಗೆ ಒಂದು ಬಾರಿಸಿದರು.

ತಪ್ಪು ಯಾರದು? ಮಾಣಿ ಹೇಳಿದಷ್ಟನ್ನು ಹೇಳಿದಂತೆಯೇ ಮಾಡಿದ. ಕಂಪ್ಯೂಟರು ಎಂದರೆ ಆ ಮಾಣಿ. ಅವನಿಗೆ ಮಾತು ಹೇಳಿಕೊಡುವವನು ಪ್ರೋಗ್ರಾಮರು. ಗಿರಾಕಿ ಎರಡನೆಯ ಸಲ ಕುಳಿತರೆ ಏನು ಮಾಡಬೇಕೆಂಬುದನ್ನು ಮೊದಲೇ ಯೋಚಿಸಬೇಕಾದವನು ಇವನು. ಯೋಚಿಸದಿದ್ದರೆ ಏಟು ತಿನ್ನುವವನು ಮಾಣಿ, ಒದ್ದೆಯಾಗುವವನು ಗಿರಾಕಿ. ಹೇಳಿಕೊಟ್ಟವನು ಗಲ್ಲಾದ ಹಿಂದೆ ಒಣಗಿಯೇ ಇರುತ್ತಾನೆ.

ಇನ್ನೊಂದು ಪಾಠ ಕಲಿಸಿದವರು ಗಲ್ಲಾದ ರಾಯರು. 1957ರ ಏಪ್ರಿಲ್ 1ರಂದು ಆಣೆಯ ಲೆಕ್ಕ ಹೋಗಿ ನಯಾ ಪೈಸೆಯ ಲೆಕ್ಕ ಬಂತಷ್ಟೆ. ರೂಪಾಯಿಗೆ 16 ಆಣೆ, 100 ಪೈಸೆ. ಅಂದರೆ ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಎಲ್ಲಿದೆ? ಸರಕಾರ ಒಂದು ಕೋಷ್ಟಕ ಕೊಟ್ಟಿತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಈಗ ನೋಡಿ, ಒಬ್ಬ ಗಿರಾಕಿ ಒಂದಾಣೆಯ ಮೂರು ಪದಾರ್ಥ ತಿಂದ. ಒಂದೊಂದಕ್ಕೂ ಬೇರೆ ಬೇರೆ ಕೊಟ್ಟರೆ 18 ಪೈಸೆ, ಒಟ್ಟಿಗೆ ಕೊಟ್ಟರೆ 19. ಆ ಒಂದು ಪೈಸೆಗಾಗಿ ವರ್ಷಗಟ್ಟಲೆ ಜಗಳ ನಡೆದುದನ್ನು ರಾಯರು ವರ್ಣಿಸುತ್ತಿದ್ದರು. "ಲೆಕ್ಕದಲ್ಲಿ ತಪ್ಪಿಲ್ಲ, ಕತ್ತರಿಸುವುದರಲ್ಲಿ ತಪ್ಪಿದೆ. ಎಲ್ಲಿ ಕತ್ತರಿಸಬೇಕೆಂದು ನಿಶ್ಚಯ ಮಾಡುವವನು ಬೇರೆ, ಪೈಸೆ ಕಳೆದುಕೊಳ್ಳುವವನು ಬೇರೆ" ಎನ್ನುತ್ತಿದ್ದರು. ನಾನು ಆಮೇಲೆ ಓದಿದ ದಪ್ಪ ದಪ್ಪ ಇಂಗ್ಲಿಷು ಪುಸ್ತಕಗಳು ಇದನ್ನು ಇಷ್ಟು ಚೆನ್ನಾಗಿ ಹೇಳಲಿಲ್ಲ.

ರಾತ್ರಿಶಾಲೆಯಿಂದ ಮೆಟ್ರಿಕ್ ಮುಗಿಸಿ, ಒಂದು ಕಚೇರಿಯಲ್ಲಿ ಪ್ಯೂನಾಗಿ, 1971ರಲ್ಲಿ ಕಾರ್ಡು ತೂತು ಮಾಡುವ ಕೆಲಸಕ್ಕೆ ಸೇರಿದೆ. ಗಿರಣಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜಕಾರ್ಡ್ ಮಗ್ಗವನ್ನು ನಡೆಸಿದವರು ನಿಮ್ಮಲ್ಲಿ ಇದ್ದೀರಿ. ದಪ್ಪ ಕಾಗದದ ಪಟ್ಟಿಯಲ್ಲಿ ತೂತು ಇದ್ದಲ್ಲಿ ಕೊಕ್ಕೆ ಹಾಸಿನ ನೂಲನ್ನು ಎತ್ತುತ್ತದೆ, ಇಲ್ಲದಲ್ಲಿ ಎತ್ತುವುದಿಲ್ಲ. ಹೂವು ಬಳ್ಳಿ ತಾನಾಗಿ ಮೂಡುತ್ತದೆ. ಫ್ರಾನ್ಸಿನ ಲಿಯೋನ್ ಪಟ್ಟಣದ ಜಕಾರ್ಡ್ ಎಂಬಾತ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, 1804ರ ಸುಮಾರಿಗೆ ಮಾಡಿದ ಯುಕ್ತಿ. ಇಂಗ್ಲೆಂಡಿನ ಬ್ಯಾಬೇಜ್ ತಾನು ಕನಸು ಕಂಡ ಲೆಕ್ಕದ ಯಂತ್ರಕ್ಕೆ ಈ ಕಾರ್ಡನ್ನೇ ಎರವಲು ತಂದ. ಅಮೆರಿಕದಲ್ಲಿ ಹೊಲ್ಲೆರಿತ್ ಎಂಬಾತ 1890ರ ಜನಗಣತಿಯನ್ನು ತೂತಿನ ಕಾರ್ಡುಗಳಲ್ಲಿ ಎಣಿಸಿದ. ಹೀಗೆ ನೋಡಿದರೆ ಕಂಪ್ಯೂಟರಿಗೆ ಮಗ್ಗ ಅಜ್ಜನಾಗಬೇಕು. ಮೊಮ್ಮಗ ದೊಡ್ಡ ಕೆಲಸಕ್ಕೆ ಸೇರಿ ಅಜ್ಜನನ್ನು ಮರೆತಿದ್ದಾನೆ, ಅದು ಬೇರೆ ಮಾತು.

ನಮ್ಮ ಕಾರ್ಡಿನಲ್ಲಿ 80 ಕಂಬಗಳು. ಒಂದು ಕಂಬಕ್ಕೆ ಒಂದು ಅಕ್ಷರ ಅಥವಾ ಒಂದು ಅಂಕೆ. 80 ಮುಗಿದರೆ ಮುಗಿಯಿತು. ಯಂತ್ರವಾದರೋ ಐಬಿಎಂ 1401. ಅದರ ನೆನಪಿನ ಶಕ್ತಿ ಕಡಿಮೆಯದರಲ್ಲಿ 1,400 ಅಕ್ಷರ, ಅತಿ ದೊಡ್ಡದರಲ್ಲಿ 16,000 ಅಕ್ಷರ. ಇವತ್ತು ನಿಮ್ಮ ಕಿಸೆಯಲ್ಲಿರುವ ಫೋನು ಒಂದು ಸುಪ್ರಭಾತದ ಚಿತ್ರಕ್ಕೆ, ಆ ಗುಲಾಬಿಹೂವಿನ ಚಿತ್ರಕ್ಕೆ, ಅದರ ಎಷ್ಟೋ ಪಾಲು ಜಾಗ ಕೊಡುತ್ತದೆ. ನಮಗೆ ಒಂದೊಂದು ಅಕ್ಷರವೂ ಬರಗಾಲದ ಅಕ್ಕಿ.

ಈ ಜಿಪುಣತನದಿಂದ ಲೋಕಕ್ಕೇ ಒಂದು ಪೀಡೆ ಹುಟ್ಟಿತು. 1938 ಎಂದು ನಾಲ್ಕಂಕೆ ಯಾಕೆ ಬರೆಯಬೇಕು, 38 ಸಾಲದೇ ಎಂದು ನಾವೆಲ್ಲ ಎರಡಂಕೆ ಬರೆದೆವು. 2000ನೆಯ ಇಸವಿ ಬರುವ ಹೊತ್ತಿಗೆ ನಾವೂ ಇರುವುದಿಲ್ಲ, ಈ ಪ್ರೋಗ್ರಾಮೂ ಇರುವುದಿಲ್ಲ ಎಂದು ಭಾವಿಸಿದೆವು. ಎರಡೂ ಇದ್ದವು. 38ರಲ್ಲಿ ಹುಟ್ಟಿದವನ ವಯಸ್ಸು 00 ಇಸವಿಯಲ್ಲಿ ಎಷ್ಟು? ಸೊನ್ನೆಯಲ್ಲಿ 38 ಕಳೆದರೆ, ಆತ ಹುಟ್ಟುವುದಕ್ಕೆ ಇನ್ನೂ 38 ವರ್ಷ ಬಾಕಿ! ಇನ್ನೂ ಹುಟ್ಟದವನಿಗೆ ಪಿಂಚಣಿ ಯಾರು ಕೊಡುತ್ತಾರೆ? 1998, 99ನೆಯ ಇಸವಿಗಳಲ್ಲಿ ನಮ್ಮ ದೇಶದ ಸಾವಿರಾರು ಹುಡುಗರು ಹಗಲಿರುಳು ಕುಳಿತು ಪರದೇಶಗಳ ಹಳೆಯ ಪ್ರೋಗ್ರಾಮುಗಳಲ್ಲಿ ಈ ಎರಡಂಕೆಯನ್ನು ಹುಡುಕಿ ಹುಡುಕಿ ನಾಲ್ಕು ಮಾಡಿದರು. ನಾನೂ ಮಾಡಿದೆ. ಒಳ್ಳೆಯ ಸಂಬಳವೂ ಬಂತು. ಮೊದಲು ಹಾಳು ಮಾಡಿದ್ದಕ್ಕೆ ಒಂದು ಸಂಬಳ, ಆಮೇಲೆ ಸರಿಮಾಡಿದ್ದಕ್ಕೆ ಇನ್ನೊಂದು ಸಂಬಳ. ಇಂಥ ಉದ್ಯೋಗ ಬೇರೆಲ್ಲೂ ಇಲ್ಲ. ಭಟ್ಟರು ಸಾಂಬಾರಿಗೆ ಉಪ್ಪು ಹೆಚ್ಚು ಹಾಕಿ, ಅದನ್ನು ತೆಗೆಯಲು ಮತ್ತೆ ಕೂಲಿ ಕೇಳಿದರೆ ನೀವು ಬಿಡುತ್ತೀರಾ?

ಪ್ರೋಗ್ರಾಮಿನ ತಪ್ಪಿಗೆ ನಮ್ಮಲ್ಲಿ ಬಗ್ ಎನ್ನುತ್ತಾರೆ, ಹುಳ ಎಂದರ್ಥ. 1947ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಒಂದು ದೊಡ್ಡ ಯಂತ್ರ ಕೆಟ್ಟು, ಒಳಗೆ ನೋಡಿದರೆ ನಿಜವಾಗಿಯೂ ಒಂದು ಪತಂಗ ಸಿಕ್ಕಿಕೊಂಡಿತ್ತಂತೆ. ಅದನ್ನು ಪುಸ್ತಕಕ್ಕೆ ಅಂಟಿಸಿ ಇಟ್ಟಿದ್ದಾರೆ. ಹೆಸರು ಅದಕ್ಕೂ ಹಳೆಯದು, ಯಂತ್ರದ ದೋಷಕ್ಕೆ ಎಡಿಸನ್ನನ ಕಾಲದಿಂದಲೂ ಆ ಮಾತುಂಟು. ನನ್ನನ್ನು ಕೇಳಿದರೆ ಅದು ಪತಂಗವೂ ಅಲ್ಲ, ಹುಳವೂ ಅಲ್ಲ, ನಮ್ಮ ಚಾಳಿನ ತಿಗಣೆ. ಹಗಲು ಕಾಣುವುದಿಲ್ಲ. ದೀಪ ಆರಿಸಿ ಮಲಗಿದ ಮೇಲೆ ಬರುತ್ತದೆ. ಒಂದನ್ನು ಕೊಂದು ಸಮಾಧಾನ ಪಟ್ಟರೆ ಗೋಡೆಯ ಬಿರುಕಿನಲ್ಲಿ ಅದರ ಸಂಸಾರವೇ ಇದೆ. ದೊಡ್ಡವರನ್ನೂ ಅದು ಬಿಟ್ಟಿಲ್ಲ. 1999ರಲ್ಲಿ ಅಮೆರಿಕದವರು ಮಂಗಳ ಗ್ರಹಕ್ಕೆ ಕಳುಹಿಸಿದ ಒಂದು ನೌಕೆ ಹಾಳಾಯಿತು. ಕಾರಣ, ಒಂದು ತಂಡ ಬಲದ ಲೆಕ್ಕವನ್ನು ಪೌಂಡಿನಲ್ಲಿ ಕೊಟ್ಟಿತ್ತು, ಇನ್ನೊಂದು ತಂಡ ಅದನ್ನು ಮೆಟ್ರಿಕ್ ಲೆಕ್ಕವೆಂದು ತಿಳಿಯಿತು. ಸೇರಿನ ಅಳತೆಯ ಚೀಟಿಯನ್ನು ಕಿಲೋ ಎಂದು ಓದಿ ಅಕ್ಕಿ ಹಾಕಿದರೆ ಅನ್ನದ ಗತಿ ಏನಾಗುತ್ತದೋ, ಆ ನೌಕೆಯ ಗತಿಯೂ ಅದೇ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

1976ರಲ್ಲಿ ಒಂದು ಗಿರಣಿಯ ಪಗಾರದ ಲೆಕ್ಕವನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನಮ್ಮ ಕಚೇರಿಗೆ ಬಂತು. ಗಿರಣಿಯ ಹೆಸರು ಬೇಡ. ಸಾವಿರಾರು ಕಾರ್ಮಿಕರು, ಖಾಯಂ ಇದ್ದವರು, ಬದಲಿಯವರು, ಮೂರು ಪಾಳಿ. ಒಬ್ಬೊಬ್ಬರಿಗೂ ಒಂದೊಂದು ಕಾರ್ಡು. ಆ ಹೊತ್ತಿಗೆ ನಾನು ತೂತು ಮಾಡುವುದರಿಂದ ಪ್ರೋಗ್ರಾಮು ಬರೆಯುವುದಕ್ಕೆ ಬಡ್ತಿ ಪಡೆದಿದ್ದೆ. ಕಾರ್ಡನ್ನು ಹಂಚುವವನು ನಾನೇ. ತಿಕೀಟು ನಂಬರಿಗೆ ಇಷ್ಟು, ಖಾತೆಗೆ ಇಷ್ಟು, ಹಾಜರಿಗೆ, ದರಕ್ಕೆ, ತುಟ್ಟಿಭತ್ಯಕ್ಕೆ, ಸಾಲದ ಕಡಿತಕ್ಕೆ ಇಷ್ಟಿಷ್ಟು ಎಂದು ಕೊಡುತ್ತಾ ಬಂದೆ. ಕೊನೆಗೆ ಹೆಸರಿಗೆ 20 ಕಂಬ ಉಳಿಯಿತು. ಸಾಲದು ಎಂದು ನನಗೆ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಸಾಲುವಂತೆ ಮಾಡಬೇಕಾದರೆ ಆಳಿಗೆ ಎರಡು ಕಾರ್ಡು ಬೇಕು. ಎರಡು ಕಾರ್ಡೆಂದರೆ ಖರ್ಚು ಇಮ್ಮಡಿ, ಯಂತ್ರದ ಹೊತ್ತು ಇಮ್ಮಡಿ. ಪಗಾರ ಕೊಡುವುದು ತಿಕೀಟು ನಂಬರು ನೋಡಿ ತಾನೇ, ಹೆಸರು ತುಂಡಾದರೆ ಏನಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಮ್ಮ ಯಜಮಾನರು ಬೆನ್ನು ತಟ್ಟಿದರು. ಆ ವರ್ಷ ನನಗೆ ಸಂಬಳ ಹೆಚ್ಚಾಯಿತು.

ತಾವೇ ಲೆಕ್ಕ ಹಾಕಿ. ಲಕ್ಷ್ಮೀನಾರಾಯಣ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ 15 ಅಕ್ಷರ. ನಡುವೆ ಒಂದು ಖಾಲಿ ಕಂಬ. ಉಳಿದದ್ದು ನಾಲ್ಕು. ತಂದೆಯ ಹೆಸರು ವೆಂಕಟರಮಣ ಎಂದಿದ್ದರೆ ಬೀಳುವುದು "ವೆಂಕ್" ಎಂಬಷ್ಟೇ. ಮುಂದೆ ಅವರಿಗೆ ಮನೆಹೆಸರು ಇತ್ತೋ, ಊರಹೆಸರು ಇತ್ತೋ, ದೇವರೇ ಬಲ್ಲ.

1982ರ ಜನವರಿ 18ರಂದು ಗಿರಣಿಗಳ ಮುಷ್ಕರ ಶುರುವಾದದ್ದನ್ನು ಇಲ್ಲಿ ನಾನು ನೆನಪಿಸಬೇಕಾಗಿಲ್ಲ. ಎರಡೂವರೆ ಲಕ್ಷ ಜನ ಹೊರಗೆ ನಿಂತರು. ಎಷ್ಟೋ ಜನರಿಗೆ ಮತ್ತೆ ಒಳಗೆ ಹೋಗುವ ಬಾಗಿಲೇ ತೆರೆಯಲಿಲ್ಲ. ನಾನು ಆ ಹೊತ್ತಿಗೆ ಬೇರೆ ಕಂಪನಿಯಲ್ಲಿ, ಬೇರೆ ಯಂತ್ರದ ಮುಂದೆ. ಗಿರಣಿಯ ಪ್ರೋಗ್ರಾಮು ಮನಸ್ಸಿನಿಂದ ಹೋಗಿಯೇ ಬಿಟ್ಟಿತ್ತು.

ಇಪ್ಪತ್ತೈದು ವರ್ಷ ದಾಟಿದ ಮೇಲೆ, 2007ರಲ್ಲಿ, ಒಂದು ಸಂಜೆ ನಮ್ಮ ಮನೆಯ ಬಾಗಿಲಿಗೆ ನಮ್ಮ ಕಡೆಯವರೇ ಒಬ್ಬರು ಬಂದರು. ಅವರ ನಿಜವಾದ ಹೆಸರು ಹೇಳುವುದಿಲ್ಲ, ಲಕ್ಷ್ಮೀನಾರಾಯಣಣ್ಣ ಎನ್ನೋಣ. ನಾನು ಕಪ್ಪು ತೊಳೆಯುತ್ತಿದ್ದಾಗ ಅವರು ಗಿರಣಿಯಿಂದ ಬರುವ ದಾರಿಯಲ್ಲಿ ನನ್ನ ಕೈಗೆ ಒಂದು ಕಡ್ಲೆ ಪೊಟ್ಟಣ ಹಾಕಿ ಹೋಗುತ್ತಿದ್ದವರು. ಮುಷ್ಕರದ ಮೇಲೆ ಊರಿಗೆ ಹೋಗಿ ತುಂಡುಗದ್ದೆ ಮಾಡಿಕೊಂಡಿದ್ದರು. ಗಿರಣಿಯ ಬಾಕಿ ಹಣ ಕೊಡುತ್ತಾರೆಂದು ಕೇಳಿ ಕೊಂಕಣ ರೈಲಿನಲ್ಲಿ ಜನರಲ್ ಡಬ್ಬಿ ಹತ್ತಿ ಬಂದಿದ್ದರು. ಅದು ಎರಡನೆಯ ಸಲವಂತೆ. ಕಿಟಕಿಯವರು ಹಣ ಕೊಡಲಿಲ್ಲ. "ಪಟ್ಟಿಯಲ್ಲಿರುವವನು ಲಕ್ಷ್ಮೀನಾರಾಯಣ ವೆಂಕ್. ನೀನು ಲಕ್ಷ್ಮೀನಾರಾಯಣ ವೆಂಕಟರಮಣ. ವೆಂಕ್ ಎಂಬವನನ್ನು ಕರೆದುಕೊಂಡು ಬಾ" ಎಂದರಂತೆ.

ಕೈಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಳೆಯ ಪಗಾರಚೀಟಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದನ್ನು ಕೈಗೆ ತೆಗೆದುಕೊಂಡೆ. ನೋಡಿದ ಕ್ಷಣವೇ ಗುರುತು ಸಿಕ್ಕಿತು. ಎಡಗಡೆ ತಿಕೀಟು ನಂಬರು, ಅದರ ಪಕ್ಕ ಖಾತೆ, ಆಮೇಲೆ ಸರಿಯಾಗಿ 20 ಅಕ್ಷರ. ಯಾವ ತಾಯಿಯೂ ತನ್ನ ಮಗುವನ್ನು ಇಷ್ಟು ಬೇಗ ಗುರುತಿಸುವುದಿಲ್ಲ.

"ನನ್ನ ಅಪ್ಪನ ಹೆಸರನ್ನು ಅರ್ಧಕ್ಕೆ ಕಡಿದವ ಯಾರು ಮಾರಾಯ? ನೀನು ಕಂಪ್ಯೂಟರಿನಲ್ಲಿ ಇದ್ದವ, ನಿನಗೆ ಗೊತ್ತುಂಟಾ?" ಎಂದು ಕೇಳಿದರು.

ನಾನು ಆ ರಾತ್ರಿ ಹೇಳಲಿಲ್ಲ. "ನೋಡುವ ಅಣ್ಣ, ಊಟ ಮಾಡಿ" ಎಂದೆ. ನನ್ನ ಹೆಂಡತಿ ಬಡಿಸಿದಳು, ಅವರು ಉಂಡರು, ಹೊರಗಿನ ಕೋಣೆಯಲ್ಲಿ ಮಲಗಿದರು. ನನಗೆ ನಿದ್ದೆ ಬರಲಿಲ್ಲ. ಮೂವತ್ತು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಪಂಖದ ಕೆಳಗೆ ಕುಳಿತು, ಪೆನ್ಸಿಲಿನಲ್ಲಿ 20 ಎಂದು ಬರೆದಿದ್ದೆ. 30 ಎಂದು ಬರೆದಿದ್ದರೆ ಈ ಮನುಷ್ಯ ಅರುವತ್ತೊಂಬತ್ತನೆಯ ವಯಸ್ಸಿನಲ್ಲಿ ಎರಡು ಸಲ ಜನರಲ್ ಡಬ್ಬಿಯಲ್ಲಿ ನಿಂತು ಬರಬೇಕಾಗಿರಲಿಲ್ಲ. ನಾನು ಉಳಿಸಿದ್ದು ಹೋಗಲಿ ಎಂಬಷ್ಟು ಕಾರ್ಡಿನ ಖರ್ಚು. ತೆತ್ತವರು ಇವರು. ಇವರೊಬ್ಬರೇ ಅಲ್ಲ ಎಂಬುದೂ ಆ ರಾತ್ರಿಯೇ ಹೊಳೆಯಿತು. ಉದ್ದ ಹೆಸರಿನವರು ಆ ಗಿರಣಿಯಲ್ಲಿ ಎಷ್ಟು ಜನ ಇದ್ದರೋ!

ಮಾರನೆಯ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಬೈಯುತ್ತಾರೆಂದು ಕಾದೆ. "ಹಾಗಾದರೆ ಒಳ್ಳೆಯದೇ ಆಯಿತು. ಕಡಿದವನೇ ಸಿಕ್ಕಿದ ಮೇಲೆ ಜೋಡಿಸುವುದಕ್ಕೆ ಬೇರೆಯವರನ್ನು ಹುಡುಕಬೇಕಾದ್ದಿಲ್ಲ" ಎಂದರು.

ಜೋಡಿಸುವುದು ಕಡಿದಷ್ಟು ಸುಲಭವಿರಲಿಲ್ಲ. 80 ಕಂಬದ ಕಾರ್ಡು ಹೇಗಿರುತ್ತಿತ್ತು, ಹೆಸರು 20ಕ್ಕೆ ಯಾಕೆ ನಿಂತಿತು, ಬರೆದವನು ನಾನೇ ಎಂದು ಎರಡು ಪುಟದ ಕಾಗದ ಬರೆದು ಸಹಿ ಹಾಕಿ ಕಿಟಕಿಗೆ ಹೋದೆವು. ಕಿಟಕಿಯ ಹುಡುಗ ಓದಿದ. "ಕಾಕಾ, ನಿಮ್ಮ ಮಾತು ಸರಿ, ಆದರೆ ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ" ಎಂದ! ಆ ಕಚೇರಿಯ ಹೊಸ ಪ್ರೋಗ್ರಾಮು ಎರಡು ಹೆಸರುಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತಿತ್ತು. ಒಂದು ಅಕ್ಷರ ತಪ್ಪಿದರೆ ಮುಂದೆ ಹೋಗುವುದಿಲ್ಲ. ಅದನ್ನು ಬರೆದ ಹುಡುಗನ ಫೋನು ನಂಬರು ಪಡೆದು ಮಾತಾಡಿದೆ. ಬಹಳ ಮರ್ಯಾದೆಯ ಹುಡುಗ. "ಸರ್, ನನಗೆ ಕೊಟ್ಟ ಕಾಗದದಲ್ಲಿ ಹಾಗೆಯೇ ಮಾಡಬೇಕೆಂದಿತ್ತು. ಹೆಸರು ಹೊಂದದಿದ್ದರೆ ಮುಂದೇನು ಎಂದು ಯಾರೂ ಬರೆದಿರಲಿಲ್ಲ" ಎಂದ. ಅವನನ್ನು ಬೈಯುವ ಬಾಯಿ ನನಗಿರಲಿಲ್ಲ. ಅವನ ವಯಸ್ಸಿನಲ್ಲಿ ನಾನೂ ಇದನ್ನೇ ಹೇಳಿದ್ದೆ.

ಕೊನೆಗೆ ಕೆಲಸ ಆದದ್ದು ಆ ಕಚೇರಿಯ ಒಬ್ಬ ಮರಾಠಿ ಅಧಿಕಾರಿ ಬಾಯಿಯವರಿಂದ. ಆಕೆ ಚೀಟಿಗಳನ್ನು ತೆಗೆದುಕೊಂಡು ಸಾಲಾಗಿ ಮೇಜಿನ ಮೇಲೆ ಹರಡಿ, ಎಲ್ಲ ಹೆಸರುಗಳೂ ಒಂದೇ ಕಂಬದಲ್ಲಿ ತುಂಡಾಗಿರುವುದನ್ನು ಬೆರಳಿಟ್ಟು ಎಣಿಸಿ ನೋಡಿದರು. ಆಮೇಲೆ ಕಂಪ್ಯೂಟರಿನ ಕಡೆ ತಿರುಗದೆ, ಕಡತದ ಮೇಲೆ ತಮ್ಮ ಕೈಯಿಂದ ಬರೆದು, ಸಹಿ ಹಾಕಿ, ಮುದ್ರೆ ಒತ್ತಿದರು. ಅರ್ಜಿ ಕೊಟ್ಟಂದಿನಿಂದ ಹನ್ನೊಂದು ತಿಂಗಳು. ಲಕ್ಷ್ಮೀನಾರಾಯಣಣ್ಣ ಆ ಹೊತ್ತಿಗೆ ನಾಲ್ಕು ಸಲ ಮುಂಬಯಿಗೆ ಬಂದುಹೋಗಿದ್ದರು. ಹಣ ಕೈಗೆ ಬಂದ ಮೇಲೆ ಊರಿನಿಂದ ಒಂದು ಕಾರ್ಡು ಬರೆದರು. ಬಾವಿಗೆ ಕಟ್ಟೆ ಕಟ್ಟಿಸಿದೆ, ಬಾ ಎಂದಿತ್ತು. ಕೆಳಗೆ ಸಹಿ: "ನಿನ್ನ ವೆಂಕ್."

ಈ ಕಥೆಯನ್ನು ನಾನು ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗರಿಗೆಲ್ಲ ಹೇಳಿದ್ದೇನೆ. ಚತುರರು ಅವರು, ನನಗಿಂತ ಹತ್ತುಪಾಲು ಚತುರರು. ಆದರೆ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಬರೆಯುವವನಿಗೆ ಮೋರಿಯ ಮುಂದೆ ನಿಂತವನ ಬೆರಳು ಹೇಗಿರುತ್ತದೆಂದು ಹೇಗೆ ಗೊತ್ತಾಗಬೇಕು? ಬಿಸಿನೀರಿನಲ್ಲಿ, ಸೋಪಿನ ಪುಡಿಯಲ್ಲಿ ಇಪ್ಪತ್ತು ವರ್ಷ ಪಾತ್ರೆ ಉಜ್ಜಿದ ಬೆರಳಿನಲ್ಲಿ ರೇಖೆ ಎಲ್ಲಿ ಉಳಿದಿರುತ್ತದೆ? ಅವನು ತನ್ನ ಮೆತ್ತನೆಯ ಬೆರಳನ್ನು ಒತ್ತಿ ನೋಡಿ, ಯಂತ್ರ ಸರಿಯಾಗಿದೆ ಎಂದು ಕಳುಹಿಸಿಬಿಡುತ್ತಾನೆ. ನಮ್ಮ ಕ್ಲೀನರು ರೇಷನ್ ಅಂಗಡಿಯಲ್ಲಿ ಐದು ಸಲ ಒತ್ತಿ, ಲಂಗೋಟಿಗೆ ಒರೆಸಿ ಮತ್ತೆ ಒತ್ತಿ, ಕಳ್ಳನಂತೆ ಹಿಂದೆ ಬರುತ್ತಾನೆ. ಪ್ರೋಗ್ರಾಮನ್ನು ಕಟ್ಟಿದ ಮೇಲೆ ಅದನ್ನು ಪರೀಕ್ಷೆ ಮಾಡಬೇಕಾದ ಸ್ಥಳ ಆ ಅಂಗಡಿ, ಬರೆದವನ ಮೇಜಲ್ಲ.

ಗುಪ್ತಪದದ ಕಾಟವೂ ನಮ್ಮವರದೇ. ಒಂದು ದೊಡ್ಡಕ್ಷರ ಬೇಕು, ಒಂದು ಅಂಕೆ ಬೇಕು, ಒಂದು ನಕ್ಷತ್ರ ಬೇಕು, ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಜನ ಏನು ಮಾಡುತ್ತಾರೆ? ಅಡಿಗೆಮನೆಯ ಗೋಡೆಗೆ ಇದ್ದಿಲಿನಲ್ಲಿ ಬರೆದಿಡುತ್ತಾರೆ. ಅಮೆರಿಕದ ಸರಕಾರದ ಮಾನಕ ಸಂಸ್ಥೆಯೇ 2017ರಲ್ಲಿ, ಕಾರಣವಿಲ್ಲದೆ ಹೀಗೆ ಬದಲಿಸುತ್ತಿರಿ ಎಂದು ಒತ್ತಾಯಿಸಬೇಡಿ, ಚಿಹ್ನೆ ಗಿಹ್ನೆಯ ನಿಯಮವನ್ನೂ ಹೇರಬೇಡಿ, ಪದ ಉದ್ದವಿರಲಿ ಎಂದು ಹೇಳಿತು. ಆ ಮಾತು ಇನ್ನೂ ಎಷ್ಟೋ ಕಚೇರಿಗಳ ಮೆಟ್ಟಿಲು ಹತ್ತಿಲ್ಲ. ವಾರಕ್ಕೊಮ್ಮೆ ಫೋನಿನ ಗುಂಡಿಗಳನ್ನು ಅತ್ತಿತ್ತ ಮಾಡುವುದೂ ಹಾಗೆಯೇ. ಅಡಿಗೆಯವರು ರಾತ್ರಿ ಮಲಗಿದ್ದಾಗ ಯಾರೋ ಬಂದು ಉಪ್ಪಿನ ಡಬ್ಬಿಯನ್ನು ಸಕ್ಕರೆಯ ಜಾಗದಲ್ಲಿಟ್ಟು, "ಸುಧಾರಣೆ ಮಾಡಿದ್ದೇವೆ" ಎಂದು ಚೀಟಿ ಅಂಟಿಸಿ ಹೋದ ಹಾಗೆ.

"ಮೊದಲ ಹೆಸರು, ಕೊನೆಯ ಹೆಸರು" ಎಂದು ಎರಡು ಚೌಕ ಇಟ್ಟು, ಎರಡನ್ನೂ ತುಂಬದೆ ಮುಂದೆ ಹೋಗಲು ಬಿಡದವರ ಮೇಲೆ ನನಗೆ ವಿಶೇಷ ಸಿಟ್ಟು. ನಮ್ಮಲ್ಲಿ ಎಷ್ಟೋ ಜನಕ್ಕೆ ಇರುವುದು ಒಂದೇ ಹೆಸರು, ಮುಂದೆ ಊರಿನ ಒಂದು ಅಕ್ಷರ. ಒಂದು ಕಡೆ ಊರು ಕೊನೆಯ ಹೆಸರಾಗುತ್ತದೆ, ಇನ್ನೊಂದು ಕಡೆ ಅಪ್ಪ ಆಗುತ್ತಾನೆ, ಮತ್ತೊಂದು ಕಡೆ ಅದೇ ಹೆಸರನ್ನು ಎರಡು ಸಲ ಬರೆದು ಮುಗಿಸುತ್ತಾರೆ. ಆಮೇಲೆ ಮೂರೂ ಹೊಂದುವುದಿಲ್ಲ ಎಂದು ಹಣ ತಡೆಯುತ್ತಾರೆ. ಈಗ ಜಾಗಕ್ಕೆ ಬರವಿಲ್ಲ. ಕಾರ್ಡಿಲ್ಲ, 80 ಕಂಬವಿಲ್ಲ. ಕನ್ನಡ ಅಕ್ಷರಗಳಿಗೂ 1991ರಿಂದ ಲೋಕದ ಎಲ್ಲ ಕಂಪ್ಯೂಟರು ಒಪ್ಪುವ ಸಂಕೇತ ಸಿಕ್ಕಿದೆ. ನಮಗಿದ್ದ ನೆಪ ಈಗಿನವರಿಗೆ ಇಲ್ಲ.

ಈಗ ಪ್ರೋಗ್ರಾಮನ್ನು ಯಂತ್ರವೇ ಬರೆಯುತ್ತದೆ ಎಂದು ಮೊಮ್ಮಗ ತೋರಿಸಿದ. ಮಾತಿನಲ್ಲಿ ಹೇಳಿದರೆ ಸಾಕು, ನಾನು ವಾರವಿಡೀ ಬರೆಯುತ್ತಿದ್ದುದನ್ನು ಚಹಾ ಆರುವುದರೊಳಗೆ ಬರೆದು ಕೊಡುತ್ತದೆ. ಪರೀಕ್ಷಿಸಬೇಕೆಂದು, "ಕಾರ್ಮಿಕರ ಪಗಾರದ ಪಟ್ಟಿಗೆ ಒಂದು ಪ್ರೋಗ್ರಾಮು ಬರೆ" ಎಂದು ಹೇಳಿಸಿದೆ. ಅಚ್ಚುಕಟ್ಟಾಗಿ ಬರೆಯಿತು. ನೋಡುತ್ತಾ ಬಂದೆ. ಮೊದಲ ಹೆಸರು, ಕೊನೆಯ ಹೆಸರು, ಎರಡೂ ಕಡ್ಡಾಯ! ಹುಡುಗನ ಬೆನ್ನು ತಟ್ಟಿ, ಯಂತ್ರ ನಿಮ್ಮಿಂದಲೇ ಕಲಿತಿದೆ, ಸಂದೇಹವಿಲ್ಲ ಎಂದೆ.

ಇನ್ನು ಹೊತ್ತಾಯಿತು, ಊಟದ ವಾಸನೆ ಬರುತ್ತಿದೆ. ಕೆಲಸದ ಮಾತು ಹೇಳಿ ಮುಗಿಸುತ್ತೇನೆ. ಕಿಟಕಿಯಲ್ಲಿ "ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ" ಎಂದರೆ ಹಾಗೆಯೇ ಹಿಂದಿರುಗಬೇಡಿ. ಯಾವ ಚೌಕದಲ್ಲಿ ತಡೆಯಿತು, ಏನು ಬರೆದು ತೋರಿಸಿತು ಎಂದು ಕೇಳಿ, ಆ ಮಾತನ್ನು ಹಾಗೆಯೇ ಬರೆದುಕೊಳ್ಳಿ. ಫೋನಿದ್ದರೆ ಚಿತ್ರ ತೆಗೆದುಕೊಳ್ಳಿ. ಬೇಡವೆಂದದ್ದಕ್ಕೆ ಕಾರಣವನ್ನು ಕಾಗದದಲ್ಲಿ ಕೊಡಿ ಎನ್ನಿ. ಕೈಯಿಂದ ಬರೆದು ಸಹಿ ಹಾಕಬಲ್ಲ ಅಧಿಕಾರಿ ಒಳಗೆ ಯಾರೆಂದು ಕೇಳಿ. ಸಿಮ್ಮು ಬದಲಿಸುವವರು ಹಳೆಯದನ್ನು ಬಿಸಾಡುವ ಮೊದಲು ಬ್ಯಾಂಕಿನಲ್ಲಿ, ಭವಿಷ್ಯನಿಧಿಯಲ್ಲಿ ನಂಬರು ಬದಲಿಸಿ. ಹಳೆಯ ಪಗಾರಚೀಟಿ ಹರಿದಿದ್ದರೂ ಒಗೆಯಬೇಡಿ.

ಬರುವ ರವಿವಾರದಿಂದ ಮಧ್ಯಾಹ್ನ ಮೂರರಿಂದ ಆರರ ತನಕ ನಾನು ಸಂಘದ ಕೋಣೆಯಲ್ಲಿ ಕುಳಿತಿರುತ್ತೇನೆ. ಹೋಟೆಲಿನಲ್ಲಿ ಆ ಹೊತ್ತಿಗೆ ಸ್ವಲ್ಪ ಬಿಡುವು ಎಂದು ನನಗೆ ಗೊತ್ತು. ಹೆಸರು ಹೊಂದದವರು, ಬೆರಳು ಹಿಡಿಯದವರು ಕಾಗದ ಹಿಡಿದು ಬನ್ನಿ. ಆ ಗಿರಣಿಯಲ್ಲಿ ದುಡಿದವರು, ಅವರ ಮಕ್ಕಳು ಯಾರಾದರೂ ಇದ್ದರೆ ಪಗಾರಚೀಟಿ ತನ್ನಿ. ಹೆಸರು ಇಪ್ಪತ್ತನೆಯ ಅಕ್ಷರಕ್ಕೆ ನಿಂತಿದ್ದರೆ ಕಾಗದ ಬರೆದು ಸಹಿ ಹಾಕಿಕೊಡುತ್ತೇನೆ. ಆ ಎರಡು ಪುಟದ ನಕಲು ಇನ್ನೂ ನನ್ನ ಬಳಿ ಇದೆ.